ಮೊಬೈಲಿಗೆ ಸಿಕ್ಕ ಏಟು

ನಮ್ಮ ಶಾಲೆಯಲ್ಲಿ ಏಟಿಗೆ ಬೇಕಾದ ಕೋಲನ್ನು ತರುತ್ತಿದ್ದವರೂ ನಾವೇ. ಸೋಮವಾರಕ್ಕೆ ಒಬ್ಬೊಬ್ಬನ ಪಾಳಿ. ಹುಣಸೆ ಬರಲೇ ಆಗಬೇಕು, ಗಿಣ್ಣು ಸವರಿರಬೇಕು, ಬಗ್ಗಿಸಿದರೆ ಮುರಿಯಬಾರದು. ಬೇಕಂತಲೇ ಒಣಗಿದ್ದು ತಂದವನಿಗೆ ಮೊದಲ ಏಟು. ಅಂಗೈಯಲ್ಲಿ ತಲೆಕೂದಲು ಅಡ್ಡ ಇಟ್ಟುಕೊಂಡರೆ ಕೋಲು ಮುರಿಯುತ್ತೆ ಅಂತ ನಂಬಿದ್ದೆವು. ಒಂದು ಸಲವೂ ಮುರಿಯಲಿಲ್ಲ. ಮನೆಗೆ ಹೋಗಿ ಹೇಳುವಂತೆಯೂ ಇರಲಿಲ್ಲ. ಶಾಲೆಗೆ ಸೇರಿಸಿದ ದಿನವೇ ಅಪ್ಪ, "ಕಣ್ಣೆರಡು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಮೇಷ್ಟ್ರೇ" ಅಂದುಬಿಟ್ಟಿದ್ದರು.

ಅಪ್ಪ ಹೊಸದೇನೂ ಹೇಳಿರಲಿಲ್ಲ. ಹಳ್ಳಿಯ ಹಳೇ ಶಾಲೆಗಳಾದ ಕೂಲಿ ಮಠಗಳ ಕಾಲದಲ್ಲಿ ಕೋದಂಡ ಏರಿಸುತ್ತಿದ್ದರು. ಸೂರಿನಿಂದ ಇಳಿಬಿಟ್ಟ ಹಗ್ಗಕ್ಕೆ ಹುಡುಗನನ್ನು ನೇತಾಡಿಸುವ ಶಿಕ್ಷೆ ಅದು. ಆಮೇಲೆ ಬ್ರಿಟಿಷರ ಕಾನೂನು ಬಂತು. 1860ರ ದಂಡ ಸಂಹಿತೆಯ 89ನೇ ಕಲಂ ಅಪ್ಪನ ಮಾತನ್ನೇ ವಕೀಲರ ಭಾಷೆಯಲ್ಲಿ ಹೇಳುತ್ತದೆ: 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕಾಗಿ, ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ. ಹೊಡೆದ ಮೇಷ್ಟ್ರುಗಳ ಪರವಾಗಿ ಕೋರ್ಟಿನಲ್ಲಿ ಇದನ್ನು ಹಿಡಿದು ವಾದ ಮಾಡಿದ್ದುಂಟು. 2024ರ ಜುಲೈ 1ರಿಂದ ಆ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಕಲಮಿನ ನಂಬರ್ ಬದಲಾಯಿತು, ಮಾತು ಹಾಗೇ ಉಳಿಯಿತು.

ಬದಲಾವಣೆ ಬೇರೆ ದಾರಿಯಿಂದ ಬಂತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. 2000ದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ಹೊಡೆಯುವ ಅಧಿಕಾರವನ್ನು ತೆಗೆದುಹಾಕಿತು. 2010ರ ಏಪ್ರಿಲ್ 1ಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಅಂದರೆ ಬೆಂಚಿನ ಮೇಲೆ ನಿಲ್ಲಿಸಿ ಇಡೀ ಕ್ಲಾಸಿನ ಎದುರು ಮರ್ಯಾದೆ ಕಳೆಯುವುದೂ ತಪ್ಪು. ಮೀರಿದವರ ಮೇಲೆ ಇಲಾಖೆ ಶಿಸ್ತುಕ್ರಮ.

ಕೇಳಲು ಚೆನ್ನಾಗಿದೆ, ಆದರೆ ಬಲೆಯಲ್ಲಿ ತೂತುಗಳಿವೆ. ಈ ಕಾಯ್ದೆಯ ಲೆಕ್ಕದಲ್ಲಿ ಮಗು ಅಂದರೆ 6ರಿಂದ 14 ವರ್ಷದವರು. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಲ್ಲಿ ಬಹಳಷ್ಟು ಜನ ಹೊರಗೇ ಉಳಿದರು. ಇನ್ನೊಂದು ತೂತು 2012ರ ತಿದ್ದುಪಡಿಯದು. ಮದರಸಾ, ವೇದ ಪಾಠಶಾಲೆ, ಮುಖ್ಯವಾಗಿ ಧಾರ್ಮಿಕ ಶಿಕ್ಷಣ ಕೊಡುವ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದು ಬರೆದುಕೊಂಡಿತು.

ಆ ತಿದ್ದುಪಡಿ ಬಂದಾಗ ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಎಲ್ಲಿ ಚುಚ್ಚುತ್ತದೆ ಅನ್ನುವುದು ಗೊತ್ತಾಗಿದ್ದು 2025ರ ಅಕ್ಟೋಬರಿನಲ್ಲಿ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ವೇದ ಪಾಠಶಾಲೆಯೊಂದರ ವಿಡಿಯೊ ಊರೂರು ಸುತ್ತಿತು. ಪುಟ್ಟ ಹುಡುಗನೊಬ್ಬ ನೆಲಕ್ಕೆ ಬಿದ್ದಿದ್ದಾನೆ, ಮೇಷ್ಟ್ರು ಒದೆಯುತ್ತಿದ್ದಾರೆ. ಹುಡುಗ ಮಾಡಿದ್ದೇನು ಅಂದರೆ, ಮನೆಯವರಿಗೆ ಫೋನ್ ಮಾಡಿದ್ದ. ಅಷ್ಟೇ. ಪ್ರಕರಣ ದಾಖಲಾಯಿತು, ಮೇಷ್ಟ್ರ ಬಂಧನವೂ ಆಯಿತು.

ಇಂಥ ಕಡೆ ಹಿಡಿದುಕೊಳ್ಳಲು ಇರುವುದು 2015ರ ಬಾಲ ನ್ಯಾಯ ಕಾಯ್ದೆ. ಅದಕ್ಕೆ 18 ತುಂಬದವರೆಲ್ಲ ಮಕ್ಕಳೇ, ಶಾಲೆ ಯಾವ ಥರದ್ದು ಅಂತ ಅದು ಕೇಳುವುದಿಲ್ಲ. 75ನೇ ಕಲಂ ಪ್ರಕಾರ, ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯ ಸಿಬ್ಬಂದಿಯೇ ಕ್ರೌರ್ಯ ಎಸಗಿದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಲೈಂಗಿಕ ದೌರ್ಜನ್ಯವಾದರೆ ಅದಕ್ಕೆಂದೇ ಇರುವ 2012ರ ಪೋಕ್ಸೊ ಕಾಯ್ದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೂ ಅದರಲ್ಲಿ ಒಂದು ವರ್ಷದವರೆಗೆ ಶಿಕ್ಷೆಯಿದೆ.

ಹಾಗಾದರೆ ಮೇಷ್ಟ್ರಿಗೆ ಏಟು ಬಿದ್ದರೆ?

2021ರ ಡಿಸೆಂಬರಿಗೆ ಹೋಗೋಣ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ನಲ್ಲೂರು. ಪ್ರೌಢಶಾಲೆಯ ಹಿಂದಿ ಮೇಷ್ಟ್ರು ಕ್ಲಾಸಿಗೆ ಬಂದರು. ನೆಲದ ಮೇಲೆ ಗುಟ್ಕಾ ಚೀಟಿಗಳು. ಶಿಸ್ತಿನಿಂದ ಇರ್ರಪ್ಪ ಅಂದರು. ಅಷ್ಟಕ್ಕೇ ಹುಡುಗರು ಕಸದ ಬಕೆಟ್ಟನ್ನು ಅವರ ತಲೆಗೇ ಕವುಚಿದರು. ಉಳಿದವರು ನಕ್ಕರು, ಒಬ್ಬ ವಿಡಿಯೊ ಮಾಡಿದ. ವಯಸ್ಸಾದ ಆ ಮನುಷ್ಯ ಜೋರು ದನಿ ತೆಗೆಯಲಿಲ್ಲ, ಕೈ ಎತ್ತಲಿಲ್ಲ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುವುದು ಬಕೆಟ್ ಅಲ್ಲ, ಬಕೆಟ್ ತೆಗೆದ ಮೇಲೆ ಅವರು ಮತ್ತೆ ಪಾಠಕ್ಕೆ ನಿಂತ ರೀತಿ. ದೂರು ಕೊಡಲೂ ಅವರು ಮುಂದಾಗಲಿಲ್ಲ. ವಿಡಿಯೊ ಹರಡಿದ ಮೇಲೆಯೇ ಶಿಕ್ಷಣ ಸಚಿವರವರೆಗೆ ಸುದ್ದಿ ಮುಟ್ಟಿದ್ದು.

"ಕೋಲು ಕಿತ್ಕೊಂಡ್ರಿ, ಈಗ ಅನುಭವಿಸಿ" ಎಂಬ ಮಾತು ಆಗ ಹೋಟೆಲು ಕಟ್ಟೆಗಳಲ್ಲಿ ಜಾಸ್ತಿ ಕೇಳಿಬಂತು. ನನಗೆ ಒಪ್ಪಿಗೆಯಿಲ್ಲ. ನಮ್ಮ ಕಾಲದಲ್ಲೂ ಮೇಷ್ಟ್ರ ಸೈಕಲ್ ಗಾಳಿ ಬಿಡುತ್ತಿದ್ದವರು ಹೆಚ್ಚು ಏಟು ತಿಂದವರೇ, ಅಲ್ವಾ?

ಆದರೆ ಮೇಷ್ಟ್ರುಗಳ ಒಂದು ಸಿಟ್ಟು ನ್ಯಾಯವಾದದ್ದು. ಡಾಕ್ಟರ್, ನರ್ಸ್‌ಗಳ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಲ್ಲೇ ಕಾಯ್ದೆ ಆಯಿತು. ವಕೀಲರಿಗೆ 2023ರದು ಇದೆ. ಮೇಷ್ಟ್ರಿಗೆ ಅಂತ ಪ್ರತ್ಯೇಕ ಕಾಯ್ದೆಯಿಲ್ಲ. ಸರ್ಕಾರಿ ಶಾಲೆಯವರಾದರೆ ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ ಎಂಬ ಕಲಂ ಉಂಟು. ಮೊದಲು ದಂಡ ಸಂಹಿತೆಯ 353, ಈಗ ನ್ಯಾಯ ಸಂಹಿತೆಯ 132. ಖಾಸಗಿ ಶಾಲೆಯ ಮಿಸ್‌ಗೆ ಅದೂ ಇಲ್ಲ. ಅವರ ಪಾಲಿಗೆ ಬೀದಿ ಜಗಳಕ್ಕೆ ಹಾಕುವ ಕಲಮುಗಳೇ ಗತಿ. ಹೊಡೆದವನು ಹತ್ತನೇ ಕ್ಲಾಸಿನ ಹುಡುಗನಾಗಿದ್ದರೆ ವಿಷಯ ಮಾಮೂಲಿ ಕೋರ್ಟಿಗಲ್ಲ, ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅದು ಹಾಗೇ ಇರಬೇಕು. ಹದಿನೈದರ ಹುಡುಗನ ಮೇಲೆ ರೌಡಿಶೀಟ್ ತೆರೆಯಲು ಆಗುವುದಿಲ್ಲ.

ನಲ್ಲೂರು, ನಾಯಕನಹಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಮೇಷ್ಟ್ರು ಏಟು ತಿಂದರು, ಇನ್ನೊಂದರಲ್ಲಿ ಹುಡುಗ. ಎರಡೂ ಹೊರಗೆ ಬಂದಿದ್ದು ಮೊಬೈಲಿನಿಂದ. ಕಾಯ್ದೆ, ಸಮಿತಿ, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿ ಎಲ್ಲ ಆಮೇಲೆ ಓಡಿಬಂದವು. ಯಾರೂ ಚಿತ್ರೀಕರಿಸದ ಏಟುಗಳದ್ದು ಏನು ಕಥೆ?

ಹೋದ ವರ್ಷ ಪರಿಚಯದ ಶಾಲೆಯೊಂದಕ್ಕೆ ಹೋಗಿದ್ದೆ. ಹೆಸರು ಬೇಡ. ದೂರು ಪೆಟ್ಟಿಗೆ ಇತ್ತು, ಹೆಡ್‌ಮಾಸ್ಟರ್ ಬಾಗಿಲ ಪಕ್ಕದಲ್ಲೇ. ಚೀಟಿ ಹಾಕುವವನ ಮುಖ ಒಳಗಿನಿಂದ ಸರಿಯಾಗಿ ಕಾಣುತ್ತದೆ. ಬೀಗದ ಕೈಯೂ ಅವರ ಟೇಬಲ್ ಡ್ರಾಯರಿನಲ್ಲಿ. "ಯಾರೂ ಏನೂ ಹಾಕಲ್ಲ ಸರ್, ನಮ್ಮ ಮಕ್ಕಳು ಒಳ್ಳೇವ್ರು" ಅಂದರು. ಹೊರಗೆ ಕಾಂಪೌಂಡಿನ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಮಕ್ಕಳ ಸಹಾಯವಾಣಿ 1098 ಅಂತ ಬರೆಸಿದ್ದರು. ಅದರ ಕೆಳಗೆ ಕೂತು ಬಿಸಿಯೂಟ ಮಾಡುತ್ತಿದ್ದ ಹುಡುಗನನ್ನು, ಇದಕ್ಕೆ ಫೋನ್ ಹೇಗೆ ಮಾಡ್ತೀಯಪ್ಪ ಅಂತ ಕೇಳಿದೆ. ಅವನು ತುತ್ತು ನುಂಗಿಕೊಂಡು, "ಹೆಡ್‌ಮಾಸ್ಟರ್ ಹತ್ರ ಫೋನ್ ಇಸ್ಕೊಂಡು" ಅಂದ.