ಕ್ರಿಯಾಟಿನಿನ್ ಸರಿಯಿದ್ದರೂ ಸ್ಕ್ಯಾನ್ ಬೇಕಾದವರು

ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದೆ, ಅಜ್ಜಿಯೂ ಕಿಡ್ನಿ ಕೆಟ್ಟೇ ತೀರಿಕೊಂಡರು. ಅಂಥ ಮನೆಯ ಮಗ ಮೂವತ್ತರ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸುತ್ತಾನೆ. ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ತ್ಯಾಜ್ಯವಾದ ಕ್ರಿಯಾಟಿನಿನ್ 0.9, ಅಂದರೆ ಸರಿಯಾಗಿಯೇ ಇದೆ. ಸದ್ಯ, ತನಗೇನೂ ಬಂದಿಲ್ಲ ಎಂದು ರಿಪೋರ್ಟನ್ನು ಬೀರುವಿನೊಳಗಿಡುತ್ತಾನೆ. ಮೋಸ ಹೋಗುವುದು ಅಲ್ಲೇ.

ವಂಶದಲ್ಲಿ ಇಳಿದು ಬರುವ ಮೂತ್ರಪಿಂಡದ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ಪಾಲಿಸಿಸ್ಟಿಕ್ ಕಿಡ್ನಿ, ಅಂದರೆ ಎರಡೂ ಮೂತ್ರಪಿಂಡಗಳ ತುಂಬ ನೀರುಗುಳ್ಳೆಗಳೇಳುವ ರೋಗ. ಬಹುಪಾಲು ರೋಗಿಗಳಲ್ಲಿ ದೋಷವಿರುವುದು 16ನೇ ವರ್ಣತಂತುವಿನ ಪಿಕೆಡಿ1 ಜೀನ್‌ನಲ್ಲಿ. ಇನ್ನು ಕೆಲವರಲ್ಲಿ 4ನೇ ವರ್ಣತಂತುವಿನ ಪಿಕೆಡಿ2ರಲ್ಲಿ; ಇದು ಸಾಮಾನ್ಯವಾಗಿ ನಿಧಾನ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಹೆಣ್ಣಾಗಲಿ ಗಂಡಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಜೀವಕೋಶದಲ್ಲಿ ಈ ಜೀನ್‌ಗೆ ಎರಡು ಪ್ರತಿಗಳಿರುತ್ತವೆ. ಇವರಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟದ್ದು. ವಯಸ್ಸು ಏರಿದಂತೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಎರಡನೆಯದೂ ಕೈಕೊಡುತ್ತದೆ. ಆ ಕೋಶ ಲಗಾಮಿಲ್ಲದೆ ಮರಿ ಹಾಕುತ್ತ ಹೋಗಿ, ಮೂತ್ರ ಹರಿಯುವ ಸೂಕ್ಷ್ಮ ನಳಿಕೆಯ ಗೋಡೆ ಹೊರಕ್ಕುಬ್ಬುತ್ತದೆ. ಕೊನೆಗೆ ನಳಿಕೆಯಿಂದ ಕಳಚಿಕೊಂಡು ತಾನೇ ದ್ರವ ತುಂಬಿಕೊಳ್ಳುವ ಚೀಲವಾಗುತ್ತದೆ. ಸುಮಾರು 150 ಗ್ರಾಂ ತೂಗಬೇಕಾದ ಅಂಗ ಕೆಲವರಲ್ಲಿ ಕಿಲೋಗಟ್ಟಲೆ ತೂಗುವುದು ಹೀಗೆ. ಅಷ್ಟಾದರೂ ಅಳಿದುಳಿದ ನೆಫ್ರಾನ್‌ಗಳು (ರಕ್ತ ಸೋಸುವ ಸೂಕ್ಷ್ಮ ಘಟಕಗಳು) ಎಲ್ಲರ ಪಾಲಿನ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ದುಡಿಯುವುದರಿಂದ ಕ್ರಿಯಾಟಿನಿನ್ ದಶಕಗಳ ಕಾಲ ಅಲುಗುವುದಿಲ್ಲ. ಅದಕ್ಕಿಂತ ಮೊದಲೇ ಏರುವುದು ಬಿಪಿ. (ವಯಸ್ಸಾದವರ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಕಾಣುವ ಒಂದೆರಡು ಗುಳ್ಳೆಗಳು ಸಾಮಾನ್ಯವಾಗಿ ಈ ರೋಗವಲ್ಲ, ಹೆದರಬೇಡಿ.)

ಜೀನ್ ಬದಲಿಸಲಾಗದು, ಬಿಪಿ ಇಳಿಸಬಹುದು. 2014ರಲ್ಲಿ ಪ್ರಕಟವಾದ ಅಮೆರಿಕದ ಹಾಲ್ಟ್ ಅಧ್ಯಯನದಲ್ಲಿ, ಮೂತ್ರಪಿಂಡ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದ್ದ 15ರಿಂದ 49 ವರ್ಷದವರ ಬಿಪಿಯನ್ನು 110/75ಕ್ಕಿಂತ ಮೇಲೇರದಂತೆ ನೋಡಿಕೊಂಡಾಗ, 120ರಿಂದ 130ರ ಆಸುಪಾಸಿನಲ್ಲಿ ಇಟ್ಟವರಿಗಿಂತ ಮೂತ್ರಪಿಂಡ ಹಿಗ್ಗುವ ವೇಗ ಸುಮಾರು ಶೇ. 14ರಷ್ಟು ತಗ್ಗಿತು. ಯಾರಿಗೆ ಎಷ್ಟಕ್ಕೆ ಇಳಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು. ಟಾಲ್ವಾಪ್ಟನ್ ಮಾತ್ರೆ ಗುಳ್ಳೆಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ಆದರೆ ಯಕೃತ್ತಿಗೆ ಪೆಟ್ಟು ಬೀಳಬಹುದಾದ್ದರಿಂದ ಆಗಾಗ ರಕ್ತ ಪರೀಕ್ಷೆ ತಪ್ಪದು. ಊಟದಲ್ಲಿ ಉಪ್ಪು ಕಡಿಮೆಯಿರಲಿ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳನ್ನೂ, ಯಾರೋ ಹೇಳಿದರೆಂದು ತಿನ್ನುವ ಭಸ್ಮಗಳನ್ನೂ ಬಿಟ್ಟುಬಿಡಿ.

ನನ್ನನ್ನು ಹೆಚ್ಚು ಕಾಡುವುದು ಮನೆಯವರ ಮೌನ. ಮಗಳ ಮದುವೆಗೆ ಅಡ್ಡಿಯಾದೀತೆಂದು ತಂದೆಯ ಕಾಯಿಲೆಯ ಹೆಸರನ್ನೇ ಮುಚ್ಚಿಡುತ್ತಾರೆ. ಆಕೆಯ ಬಿಪಿ ಮೊದಲ ಬಾರಿಗೆ ಗೊತ್ತಾಗುವುದು ಬಸುರಿನಲ್ಲಿ, ಅದೂ ಗಾಬರಿಯ ಹೊತ್ತಿನಲ್ಲಿ. ಮಿದುಳಿನ ರಕ್ತನಾಳ ಉಬ್ಬಿ ಒಡೆದವರು ಮನೆಯಲ್ಲಿ ಯಾರಾದರೂ ಇದ್ದರೆ ಅದನ್ನಂತೂ ವೈದ್ಯರಿಗೆ ಹೇಳಲೇಬೇಕು. ಇದೇ ರೋಗದವರಲ್ಲಿ ಆ ಅಪಾಯ ಹೆಚ್ಚು. ಅಪ್ಪನಿಗೆ ಕಿಡ್ನಿ ಕೊಡಲು ಮಗ ಮುಂದೆ ಬಂದಾಗಲೂ ಮೊದಲು ಅವನ ಸ್ಕ್ಯಾನ್ ಆಗಬೇಕು. ಮೂವತ್ತರೊಳಗಿನವರಲ್ಲಿ ಗುಳ್ಳೆಗಳು ಇನ್ನೂ ಕಣ್ಣಿಗೆ ಬೀಳುವಷ್ಟು ಬೆಳೆದಿರದೆ ಇರಬಹುದಾದ್ದರಿಂದ, ಸ್ಕ್ಯಾನ್ ಶುಭ್ರವಾಗಿದ್ದರೂ ಎಂಆರ್‌ಐ ಅಥವಾ ಜೀನ್ ಪರೀಕ್ಷೆ ಬೇಕಾಗುತ್ತದೆ.