ನಲ್ಲಿ ನೀರಿಗೆ ಒಂದು ಬಿಲ್ ಇದೆಯಲ್ಲ, ಮತ್ತೆ ಈ ನೀರು ಮಂಡಳಿ ತೆರಿಗೆ ಯಾಕೆ?

ಓದುಗರ ಪ್ರಶ್ನೆ: ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಕುಡಿಯುವ ನೀರಿನ ಬಿಲ್ ಬೇರೆ ಕಟ್ಟುತ್ತೇವೆ. ಆದರೂ ಪ್ರತಿ ವರ್ಷ ‘ವಾಟರ್‌ಸ್ಖಾಪ್’ ಅಂದರೆ ನೀರು ಮಂಡಳಿಯ ಹೆಸರಲ್ಲಿ ಇನ್ನೊಂದು ತೆರಿಗೆ ಬರುತ್ತದೆ. ನಮ್ಮ ಊರು ಸಮುದ್ರಕ್ಕಿಂತ ಎತ್ತರದಲ್ಲಿದೆ, ಕಡಲೂ ದೂರ. ಬೇರೆಯವರ ಏರಿ ಕಾಯುವ ಖರ್ಚನ್ನು ನಾವ್ಯಾಕೆ ಕೊಡಬೇಕು? ಇದು ನ್ಯಾಯವೇ?

ಉತ್ತರ: ಬಹುಮಟ್ಟಿಗೆ ನ್ಯಾಯವೇ. ಎರಡು ಕಡೆ ಮಾತ್ರ ಲೆಕ್ಕ ತಪ್ಪಿದೆ ಅಂತ ನನಗನ್ನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬಿಲ್‌ಗಳ ಗೊಂದಲ ಬಗೆಹರಿಸೋಣ. ನಿಮ್ಮ ನಲ್ಲಿಗೆ ನೀರು ಕೊಡುವುದು ಬ್ರಾಬಾಂಟ್ ವಾಟರ್ ಅನ್ನುವ ಕಂಪನಿ. ನೀವು ಬಳಸಿದ ಕೊಳೆ ನೀರನ್ನು ಬೀದಿಯ ಕೆಳಗಿನ ಪೈಪಿನಲ್ಲಿ ಸಾಗಿಸುವುದು ನಗರಸಭೆ. ಆ ಕೊಳೆ ನೀರನ್ನು ಶುದ್ಧ ಮಾಡಿ ನದಿಗೆ ಬಿಡುವುದು ನೀರು ಮಂಡಳಿ. ಐಂಡ್‌ಹೋವನ್‌ಗೆ ಅದು ‘ಡೊಮ್ಮೆಲ್’ ಮಂಡಳಿ, ಊರಲ್ಲಿ ಹರಿಯುವ ನದಿಯದೇ ಹೆಸರು. ಬೇಸಿಗೆಯ ಒಣ ದಿನಗಳಲ್ಲಿ ಆ ನದಿಯಲ್ಲಿ ಹರಿಯುವುದರಲ್ಲಿ ದೊಡ್ಡ ಪಾಲು ಶುದ್ಧೀಕರಣ ಘಟಕದಿಂದ ಹೊರಬಂದ ನೀರೇ. ಅಂದರೆ ನಿಮ್ಮ ಮನೆಯ ಸ್ನಾನದ ನೀರು, ಪಾತ್ರೆ ತೊಳೆದ ನೀರು. ನೀವು ದಡದಲ್ಲಿ ವಾಕಿಂಗ್ ಹೋಗುವಾಗ ನದಿ ನಾರುವುದಿಲ್ಲ ಅಂದರೆ ಅದಕ್ಕೆ ಕಾರಣ ಈ ತೆರಿಗೆ.

ಇಂಥ 21 ಮಂಡಳಿಗಳು ದೇಶದಲ್ಲಿವೆ. 1950ರ ಸುಮಾರಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಇದ್ದವು. ಒಂದರೊಳಗೊಂದು ಸೇರಿ ಇಷ್ಟಕ್ಕೆ ಇಳಿದಿವೆ. ಏರಿ, ಕಾಲುವೆ, ಪಂಪ್, ಒಳಚರಂಡಿ ನೀರಿನ ಶುದ್ಧೀಕರಣ ಎಲ್ಲ ಇವರದ್ದೇ. ಏರಿಯಲ್ಲಿ ಬಿಲ ತೋಡುವ ಒಂದು ಜಾತಿಯ ದೊಡ್ಡ ಇಲಿಯನ್ನು ಹಿಡಿಯಲು ಸಂಬಳದ ಸಿಬ್ಬಂದಿಯೇ ಇದ್ದಾರೆ. ಆ ಬಿಲ ಸುಮ್ನೆ ಬಿಟ್ಟರೆ ಏರಿ ಒಳಗಿಂದಲೇ ಟೊಳ್ಳಾಗುತ್ತದೆ. ದೇಶದ ಕಾಲು ಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಪಂಪ್ ನಿಂತರೆ ಅಲ್ಲಿ ನೀರು ತುಂಬುತ್ತದೆ.

ಸರಿ, ಇದನ್ನೆಲ್ಲ ಸರ್ಕಾರ ಆದಾಯ ತೆರಿಗೆಯ ಹಣದಲ್ಲೇ ಮಾಡಬಹುದಲ್ವಾ? ಮಾಡಬಹುದು. ಆದರೆ ಅಲ್ಲಿ ಈ ಮಂಡಳಿಗಳು ದೇಶದ ಸರ್ಕಾರಕ್ಕಿಂತ ಹಳೆಯವು. ಲೈಡನ್ ಸುತ್ತಲಿನ ರೈನ್‌ಲ್ಯಾಂಡ್ ಮಂಡಳಿಗೆ 1255ರ ಸನ್ನದು ಇದೆ. ಆಗ ತೆರಿಗೆ ಅಂದರೆ ಹಣ ಅಲ್ಲ, ಮೈಕೆಲಸ. ಯಾರಿಗೆ ಎಷ್ಟು ಜಮೀನೋ ಅಷ್ಟು ಉದ್ದದ ಏರಿಯನ್ನು ಅವರೇ ನೋಡಿಕೊಳ್ಳಬೇಕು. ಕೈಲಾಗದವನು ತನ್ನ ಪಾಲಿನ ಏರಿಯಲ್ಲಿ ಸಲಿಕೆ ನೆಟ್ಟು ಊರು ಬಿಡಬೇಕಿತ್ತು. ಆ ಸಲಿಕೆಯನ್ನು ಕಿತ್ತವನಿಗೆ ಜಮೀನೂ ಸೇರುತ್ತಿತ್ತು, ಏರಿ ಕಾಯುವ ಹೊಣೆಯೂ ಸೇರುತ್ತಿತ್ತು. ಕಠಿಣ ಕಾನೂನು, ನಿಜ. ಆದರೆ ಒಬ್ಬನ ಏರಿ ಒಡೆದರೆ ಮುಳುಗುವುದು ಅವನೊಬ್ಬನೇ ಅಲ್ಲವಲ್ಲ. ಮೈಕೆಲಸದ ಜಾಗಕ್ಕೆ ನಿಧಾನಕ್ಕೆ ಹಣ ಬಂತು. ಲಾಭ ಯಾರಿಗೋ ಅವರು ಕಟ್ಟಬೇಕು, ಕಟ್ಟುವವರ ಮಾತು ನಡೆಯಬೇಕು ಅನ್ನುವ ಸೂತ್ರ ಹಾಗೇ ಉಳಿಯಿತು.

ತೆರಿಗೆ ಬೇರೆಯಾಗಿ ಇರುವುದರಿಂದ ಒಂದು ದೊಡ್ಡ ಅನುಕೂಲ ಇದೆ. ಮಂಡಳಿ ವಸೂಲು ಮಾಡಿದ ಹಣ ನೀರಿನ ಕೆಲಸಕ್ಕೇ ಹೋಗುತ್ತದೆ, ಬೇರೆ ಬಾಬ್ತಿಗೆ ತಿರುಗಿಸಲು ಆಗುವುದಿಲ್ಲ. ಹತ್ತು ವರ್ಷ ಪ್ರವಾಹ ಬರದಿದ್ದರೆ ಏರಿಯ ಖರ್ಚು ದಂಡ ಅನ್ನಿಸುವುದು ಸಹಜ. ಬಜೆಟ್‌ನಲ್ಲಿ ಶಾಲೆ, ಆಸ್ಪತ್ರೆಗಳ ಜೊತೆ ಏರಿ ಸ್ಪರ್ಧೆಗೆ ನಿಂತರೆ ಪ್ರತಿ ಸಲವೂ ಸೋಲುತ್ತದೆ. 1953ರ ಜನವರಿ 31ರ ರಾತ್ರಿ ಸಮುದ್ರ ಏರಿಗಳನ್ನು ಒಡೆದು ನುಗ್ಗಿದಾಗ ಆ ದೇಶದಲ್ಲಿ 1,836 ಜನ ಸತ್ತರು. ಏರಿಗಳು ಗಟ್ಟಿಯಾಗಿಲ್ಲ ಅನ್ನುವ ಎಚ್ಚರಿಕೆ ಅದಕ್ಕೂ ಮೊದಲೇ ಬಂದಿತ್ತು.

ಈಗ ನಿಮ್ಮ ಬಿಲ್ ತೆಗೆದು ನೋಡಿ. ಬಾಡಿಗೆದಾರರಾದ ನಿಮಗೆ ಮುಖ್ಯವಾಗಿ ಎರಡು ಸಾಲು ಇರುತ್ತವೆ. ಒಂದು, ಆ ಪ್ರದೇಶದ ನಿವಾಸಿ ಅನ್ನುವುದಕ್ಕೆ ಮನೆಗಿಷ್ಟು ಅಂತ ಒಂದೇ ಮೊತ್ತ. ಇನ್ನೊಂದು, ಕೊಳೆ ನೀರಿನ ಶುದ್ಧೀಕರಣಕ್ಕೆ. ಸ್ವಂತ ಮನೆ ಇದ್ದವರಿಗೆ ಮೂರನೆಯ ಸಾಲು ಬರುತ್ತದೆ. ಅದು ಮನೆಯ ಬೆಲೆಯ ಮೇಲೆ ಇಂತಿಷ್ಟು ಶೇಕಡಾ. ರೈತರು ಹೆಕ್ಟೇರ್ ಲೆಕ್ಕದಲ್ಲಿ ಕಟ್ಟುತ್ತಾರೆ. ಕಾಡು, ಕುರುಚಲು ಇರುವ ನೆಲಕ್ಕೂ ಹೆಕ್ಟೇರ್ ಲೆಕ್ಕವೇ, ದರ ಮಾತ್ರ ತುಂಬ ಕಡಿಮೆ. ಜನ ಒತ್ತೊತ್ತಾಗಿರುವ ಕಡೆ ನಿವಾಸಿಗಳ ಪಾಲು ಜಾಸ್ತಿ, ಹಳ್ಳಿಗಾಡಿನಲ್ಲಿ ಕಡಿಮೆ.

ಕೇಳಲು ಚೆನ್ನಾಗಿದೆ. ಲೆಕ್ಕ ತಪ್ಪುವುದು ಈ ಹಂಚಿಕೆಯೊಳಗೇ. ನಿವಾಸಿಗಳ ಪಾಲು ಕಳೆದ ಮೇಲೆ ಉಳಿದ ಖರ್ಚನ್ನು ಕಟ್ಟಡ, ಹೊಲ, ಕಾಡುಗಳ ನಡುವೆ ಹಂಚುವಾಗ ಬಹಳ ಕಾಲ ಅವುಗಳ ಮಾರುಕಟ್ಟೆ ಬೆಲೆಯನ್ನೇ ಅಳತೆಗೋಲು ಮಾಡಿಕೊಂಡರು. ಮನೆ ಬೆಲೆ ಹೊಲದ ಬೆಲೆಗಿಂತ ಬೇಗ ಏರಿತು. ಮನೆಯವರಿಗೆ ಮಂಡಳಿಯಿಂದ ಹೆಚ್ಚಿಗೆ ಏನೂ ಸಿಗಲಿಲ್ಲ, ಆದರೂ ಅವರ ಪಾಲು ತಾನಾಗಿಯೇ ಬೆಳೆಯಿತು. ಮನೆ ದುಬಾರಿಯಾಯಿತು ಅಂದ ಮಾತ್ರಕ್ಕೆ ಅದರ ಸುತ್ತಲಿನ ನೀರು ಎತ್ತಲು ಹೆಚ್ಚು ಪಂಪ್ ಬೇಕಾಗುವುದಿಲ್ಲ. ಈ ಲೆಕ್ಕವನ್ನು ಬದಲಿಸಬೇಕು ಅನ್ನುವ ಚರ್ಚೆ ಮಂಡಳಿಗಳಲ್ಲೇ ವರ್ಷಗಟ್ಟಲೆ ನಡೆದಿದೆ. ನನ್ನ ಮಟ್ಟಿಗೆ ಇದು ಮೊದಲ ತಪ್ಪು.

ಎರಡನೆಯದು ನಿಮ್ಮ ಅಡುಗೆಮನೆಗೇ ಬರುತ್ತದೆ. ಶುದ್ಧೀಕರಣದ ತೆರಿಗೆಗೆ ‘ಮಾಲಿನ್ಯ ಘಟಕ’ ಅಂತ ಒಂದು ಅಳತೆ ಇದೆ. ಒಬ್ಬರೇ ಇರುವ ಮನೆಗೆ 1 ಘಟಕ. ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ 3. ಗಂಡ ಹೆಂಡತಿ ಇಬ್ಬರೇ ಇದ್ದರೂ 3, ಮೂರು ಮಕ್ಕಳು, ಅಜ್ಜಿ ಎಲ್ಲ ಸೇರಿ ಆರು ಜನರಿದ್ದರೂ 3. ಇಬ್ಬರ ಮನೆ ಒಬ್ಬರ ಮನೆಗಿಂತ ಮೂರು ಪಟ್ಟು ಕೊಳೆ ಮಾಡುತ್ತದೆಯೇ? ಇಲ್ಲ. ಪ್ರತಿ ಮನೆಯ ಚರಂಡಿ ನೀರನ್ನು ಅಳೆಯಲು ಹೊರಟರೆ ಅಳತೆಯ ಖರ್ಚೇ ತೆರಿಗೆಯನ್ನು ಮೀರುತ್ತದೆ ಅನ್ನುವ ವಾದ ಒಪ್ಪಬಹುದು. ಆದರೆ ಇಬ್ಬರಿಗೆ 2 ಅನ್ನಲು ಅಳೆಯುವುದೇ ಬೇಡ, ಮನೆಯಲ್ಲಿ ಎಷ್ಟು ಜನ ಅನ್ನುವುದು ನಗರಸಭೆಯ ದಾಖಲೆಯಲ್ಲೇ ಇದೆ. ಹೊಸದಾಗಿ ಬಂದ ಇಬ್ಬರ ಸಂಸಾರಗಳು ಈ ಬಿಲ್ ನೋಡಿ ಗಾಬರಿಯಾಗುವುದರಲ್ಲಿ ತಪ್ಪೇನಿಲ್ಲ.

ಇದೇ ಅಳತೆ ಕಾರ್ಖಾನೆಗಳ ವಿಷಯದಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅನ್ನುವುದನ್ನೂ ಹೇಳಬೇಕು. 1970ರಲ್ಲಿ ಬಂದ ಕಾನೂನು, ಕೊಳೆ ಬಿಡುವವರು ಕೊಳೆಯ ಪ್ರಮಾಣಕ್ಕೆ ತಕ್ಕಂತೆ ಕಟ್ಟಬೇಕು ಅಂದಿತು. ದೊಡ್ಡ ಕಾರ್ಖಾನೆಗಳ ನೀರನ್ನು ನಿಜವಾಗಿ ಅಳೆದರು. ಹೊರಗೆ ಬಿಟ್ಟು ತೆರಿಗೆ ಕಟ್ಟುವುದಕ್ಕಿಂತ ಒಳಗೇ ಶುದ್ಧ ಮಾಡುವುದು ಅಗ್ಗ ಅಂತ ಕಂಪನಿಗಳಿಗೆ ಹೊಳೆಯಿತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳ ಕೊಳೆ ಗಣನೀಯವಾಗಿ ಇಳಿಯಿತು.

ಇನ್ನು ನಿಮ್ಮ ಮುಖ್ಯ ತಕರಾರು: ಎತ್ತರದಲ್ಲಿರುವವರು ಏರಿಗೆ ಯಾಕೆ ಕೊಡಬೇಕು? ದೊಡ್ಡ ಏರಿಗಳನ್ನು ಬಲಪಡಿಸುವ ಕೆಲಸಕ್ಕೆ ಅಲ್ಲಿ ಒಂದು ಸೂತ್ರ ಇದೆ. 50 ಭಾಗ ಕೇಂದ್ರ ಸರ್ಕಾರದ್ದು. 40 ಭಾಗ ಎಲ್ಲ ಮಂಡಳಿಗಳು ಸೇರಿ ಹಾಕಿದ ಸಾಮಾನ್ಯ ನಿಧಿಯದ್ದು. ಉಳಿದ 10 ಭಾಗ ಏರಿ ಯಾರ ಪ್ರದೇಶದಲ್ಲಿದೆಯೋ ಆ ಮಂಡಳಿಯದ್ದು. ಆ 10 ಭಾಗ ಇರುವುದರಿಂದ ಮಂಡಳಿ ದುಂದು ಮಾಡುವುದಿಲ್ಲ, ತನ್ನ ಜೇಬಿಗೂ ಕತ್ತರಿ ಬೀಳುತ್ತದಲ್ಲ. ಆ 40ರಲ್ಲಿ ನಿಮ್ಮದೊಂದು ಚೂರು ಇದೆ. ರಾಟರ್‌ಡ್ಯಾಮ್ ಬಂದರು ಮುಳುಗಿದರೆ ಐಂಡ್‌ಹೋವನ್‌ನ ಉದ್ಯೋಗಗಳೂ ಅಲ್ಲಾಡುತ್ತವೆ. ಎತ್ತರದ ಊರುಗಳಿಗೆ ನೀರಿನ ಭಯ ಇಲ್ಲ ಅನ್ನುವುದೂ ಸುಳ್ಳು. 2021ರ ಜುಲೈನಲ್ಲಿ ಮುಳುಗಿದ ವಾಲ್ಕನ್‌ಬರ್ಗ್ ಇರುವುದು ದೇಶದ ಗುಡ್ಡಗಾಡಿನಲ್ಲಿ, ಸಮುದ್ರಕ್ಕಿಂತ ಎಷ್ಟೋ ಮೇಲೆ.

ನೀರಿನ ಕರದಲ್ಲಿ ಅನ್ಯಾಯ ಆದರೆ ಏನಾಗುತ್ತದೆ ಅನ್ನುವುದು ನಮ್ಮ ನೆಲಕ್ಕೂ ಚೆನ್ನಾಗಿ ಗೊತ್ತು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಮತ್ತು ನೀರಿನ ಕರದ ವಸೂಲಿ ಬಂತು. ನೀರಾವರಿಯಿಂದ ಜಮೀನಿನ ಬೆಲೆ ಏರಿದೆ, ಅದರಲ್ಲಿ ಪಾಲು ಕೊಡಿ ಅನ್ನುವುದು ಲೆವಿಯ ತರ್ಕ. ಕಾಗದದ ಮೇಲೆ ಡಚ್ಚರ ಸೂತ್ರದ ಹತ್ತಿರವೇ ಇದೆ. ಆದರೆ ನೀರು ಸರಿಯಾಗಿ ಬಾರದ ಹೊಲಗಳಿಗೂ ಕರ ಬಂತು. ಎಷ್ಟು, ಯಾವಾಗ, ಯಾರು ಕಟ್ಟಬೇಕು ಅಂತ ತೀರ್ಮಾನಿಸುವ ಜಾಗದಲ್ಲಿ ರೈತ ಇರಲೇ ಇಲ್ಲ. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಜೀವ ಕಳೆದುಕೊಂಡರು. ಲಾಭ ಬಂದಿಲ್ಲ, ಮಾತಿಗೆ ಬೆಲೆಯಿಲ್ಲ, ಕಟ್ಟುವುದು ಮಾತ್ರ ಕಡ್ಡಾಯ ಅಂದರೆ ಆ ಕರವನ್ನು ಯಾವ ರೈತ ಒಪ್ಪುತ್ತಾನೆ?

ಡಚ್ ಮಂಡಳಿಗಳಲ್ಲಿ ಆ ಮಾತಿಗೆ ದಾರಿ ಇದೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಕಳೆದದ್ದು 2023ರ ಮಾರ್ಚ್‌ನಲ್ಲಿ. ಹಿಂದೆ ರೈತರು, ಉದ್ಯಮಿಗಳು, ಕಾಡು ನೋಡಿಕೊಳ್ಳುವವರು ಮೂವರಿಗೂ ಕಾದಿಟ್ಟ ಸ್ಥಾನಗಳಿದ್ದವು. ಆ ಚುನಾವಣೆಯಿಂದ ಉದ್ಯಮಿಗಳ ಸ್ಥಾನ ಹೋಯಿತು, ರೈತರಿಗೆ 2, ಕಾಡಿನ ಕಡೆಯವರಿಗೆ 2 ಉಳಿದವು. ಈ ಜಗಳ ಬರೀ ಕುರ್ಚಿಯದ್ದಲ್ಲ. ಗಿಡಗಳು ಅರೆಬರೆ ಕೊಳೆತು ಆದ ಮೆತ್ತನೆಯ ಪೀಟ್ ನೆಲದಲ್ಲಿ ಟ್ರ್ಯಾಕ್ಟರ್ ಓಡಿಸಲು ರೈತನಿಗೆ ನೀರಿನ ಮಟ್ಟ ಕೆಳಗಿರಬೇಕು. ಕೆಳಗಿಳಿಸಿದರೆ ಆ ಮಣ್ಣು ಕರಗುತ್ತಾ ನೆಲ ಕುಸಿಯುತ್ತದೆ, ಪಕ್ಕದ ಹಳೆ ಮನೆಗಳ ಅಡಿಪಾಯದ ಮರದ ಕಂಬಗಳು ಗಾಳಿ ತಾಕಿ ಕೊಳೆಯುತ್ತವೆ. ನೀರು ಎಷ್ಟು ಎತ್ತರ ನಿಲ್ಲಬೇಕು ಅಂತ ತೀರ್ಮಾನಿಸುವುದು ಇದೇ ಮಂಡಳಿ. ಡಚ್ ಪೌರತ್ವ ಇಲ್ಲದಿದ್ದರೂ ವಾಸದ ಪರವಾನಗಿ ಇರುವ ವಯಸ್ಕ ನಿವಾಸಿಗಳಿಗೆ ಈ ಚುನಾವಣೆಯಲ್ಲಿ ಮತ ಇದೆ.

ಕೊನೆಗೆ ಒಂದೆರಡು ಕೆಲಸದ ಮಾತು. ನಿವಾಸಿ ತೆರಿಗೆಗೆ ಜನವರಿ 1ರಂದು ನೀವು ಎಲ್ಲಿದ್ದಿರಿ ಅನ್ನುವುದೇ ಲೆಕ್ಕ, ಮಧ್ಯದಲ್ಲಿ ಮನೆ ಬಿಟ್ಟರೂ ಅದು ವಾಪಸ್ ಬರುವುದಿಲ್ಲ. ಶುದ್ಧೀಕರಣದ ತೆರಿಗೆ ಹಾಗಲ್ಲ, ಊರು ಬಿಟ್ಟ ಮೇಲಿನ ತಿಂಗಳುಗಳದ್ದು ಕಡಿತವಾಗುತ್ತದೆ. ಜೊತೆಗಿದ್ದವರು ಊರಿಗೆ ವಾಪಸಾಗಿ ನೀವೊಬ್ಬರೇ ಉಳಿದಿದ್ದರೆ ಬಿಲ್‌ನಲ್ಲಿ 3 ಇರುವುದು 1 ಆಗಿದೆಯೇ ನೋಡಿ, ಆಗಿಲ್ಲದಿದ್ದರೆ ಮಂಡಳಿಗೆ ಬರೆಯಿರಿ. ಆದಾಯ ತೀರಾ ಕಡಿಮೆ ಇರುವವರು ವಿನಾಯಿತಿಗೆ ಅರ್ಜಿ ಹಾಕಬಹುದು.