ಕಡಲೇ ನೋಡದ ಕೋಲಾರದ ಮಕ್ಕಳಿಗೆ ಕಡಲು ಏರುವ ಪಾಠ ಹೇಗೆ ಮಾಡೋದು?

ಪ್ರಶ್ನೆ: ಮುಳಬಾಗಿಲು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಸಮುದ್ರ ಮಟ್ಟ ಏರುತ್ತಿದೆ ಎಂದರೆ ಮಕ್ಕಳು, 'ನಮ್ಮ ಬೋರಲ್ಲೇ ನೀರಿಲ್ಲ, ಸಮುದ್ರ ಏರಿದ್ರೆ ನಮಗೇನು, ಮಿಸ್?' ಅಂತಾರೆ. ಏನು ಹೇಳಲಿ?

ಉತ್ತರ: ಮೇಡಂ, ಮಕ್ಕಳು ಒಳ್ಳೆ ಜಾಗಕ್ಕೇ ಕೈ ಹಾಕಿದ್ದಾರೆ. ಪಾಠವನ್ನು ಬೋರ್‌ವೆಲ್ಲಿನಿಂದಲೇ ಶುರು ಮಾಡಿ. ನಮ್ಮಲ್ಲಿ ಸಾವಿರ ಅಡಿ ಕೊರೆದು ಎತ್ತಿದ ನೀರು ಹೊಲಕ್ಕೆ ಹೋಗುತ್ತದೆ, ಆವಿಯಾಗುತ್ತದೆ, ಎಲ್ಲೋ ಮಳೆಯಾಗುತ್ತದೆ. ಇಂಗುವುದಕ್ಕಿಂತ ಜಾಸ್ತಿ ಎತ್ತಿದಾಗ ಆ ನೀರಿನ ಹೆಚ್ಚಿನ ಪಾಲು ಕೊನೆಗೆ ಸಮುದ್ರ ಸೇರುತ್ತದೆ. ಪ್ರಪಂಚದ ತುಂಬ ಹೀಗೆ ಎತ್ತಿದ ಅಂತರ್ಜಲವೂ ಕಡಲನ್ನು ಸ್ವಲ್ಪ ಏರಿಸಿದೆ. ಪಾಲು ಚಿಕ್ಕದು, ಆದರೆ ಅದರಲ್ಲಿ ನಮ್ಮದೂ ಇದೆ. ಆಮೇಲೆ ಭೂಪಟ ಬಿಡಿಸಿ. ನಂದಿ ಬೆಟ್ಟದ ಕಡೆ ಹುಟ್ಟಿ ಬೇತಮಂಗಲದ ಕೆರೆ ತುಂಬಿಸುವ ಪಾಲಾರ್ ತಮಿಳುನಾಡಿನಲ್ಲಿ ಬಂಗಾಳಕೊಲ್ಲಿ ಸೇರುವವರೆಗೆ ಮಕ್ಕಳೇ ಬೆರಳಿಟ್ಟು ಹೋಗಲಿ.

ದೊಡ್ಡ ಕಾರಣಗಳು ಎರಡು: ಬಿಸಿಯಾದ ನೀರು ಹಿಗ್ಗುವುದು, ನೆಲದ ಮೇಲಿನ ಮಂಜು ಕರಗಿ ಕಡಲಿಗೆ ಇಳಿಯುವುದು. ಮೊದಲನೆಯದಕ್ಕೆ ಗಾಜಿನ ಬಾಟಲಿಗೆ ಬಣ್ಣದ ನೀರನ್ನು ಬಾಯಿವರೆಗೆ ತುಂಬಿ, ಸ್ಟ್ರಾ ಚುಚ್ಚಿ, ಸುತ್ತ ಜೇಡಿಮಣ್ಣಿನಿಂದ ಗಾಳಿಯಾಡದಂತೆ ಮುಚ್ಚಿ. ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಸ್ಟ್ರಾದಲ್ಲಿ ನೀರು ಮೇಲೇರುತ್ತದೆ. ಎರಡನೆಯದಕ್ಕೆ ಎರಡು ಲೋಟ ಸಾಕು. ಒಂದರಲ್ಲಿ ಐಸ್ ತೇಲಲಿ. ಇನ್ನೊಂದರಲ್ಲಿ ನೀರಿನಿಂದ ಮೇಲೆ ಚಾಚಿದ ಕಲ್ಲಿನ ಮೇಲೆ ಐಸ್ ಇರಲಿ. ಎರಡರಲ್ಲೂ ಮಟ್ಟ ಗುರುತು ಹಾಕಿಸಿ. ತೇಲುವ ಐಸ್ ಕರಗಿದರೆ ಮಟ್ಟ ಕದಲುವುದಿಲ್ಲ, ಕಲ್ಲಿನ ಮೇಲಿನದು ಕರಗಿದರೆ ಏರುತ್ತದೆ. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಮಂಜಿನ ಬಗ್ಗೆ ವಿಜ್ಞಾನಿಗಳಿಗೆ ಅಷ್ಟು ಚಿಂತೆ ಯಾಕೆ ಎನ್ನುವುದು ಆಗ ಮಕ್ಕಳಿಗೇ ಹೊಳೆಯುತ್ತದೆ.

1901ರಿಂದ 2018ರೊಳಗೆ ಕಡಲು ಏರಿದ್ದು ಸರಾಸರಿ 20 ಸೆಂಟಿಮೀಟರ್. ಒಂದು ಗೇಣಿಗೆ ಹತ್ತಿರ. 'ಅಷ್ಟೇನಾ?' ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ಬೋರ್ಡಿನ ಮೇಲೆ ಲೆಕ್ಕ ಕೊಡಿ: 50 ಮೀಟರ್ ದೂರಕ್ಕೆ 1 ಮೀಟರ್ ಮಾತ್ರ ಎತ್ತರವಾಗುವ ದಡದಲ್ಲಿ ಕಡಲು ಒಂದು ಗೇಣು ಏರಿದರೆ ನೀರು ಎಷ್ಟು ಒಳಗೆ ಬರುತ್ತದೆ? ಸುಮಾರು 10 ಮೀಟರ್! ಬಿರುಗಾಳಿಯ ಅಲೆಗಳೂ ಆ ಎತ್ತರದಿಂದಲೇ ಏಳುತ್ತವೆ. ವೇಗವೂ ಕೂಡುತ್ತಿದೆ. 2006ರಿಂದ 2018ರವರೆಗೆ ವರ್ಷಕ್ಕೆ ಸುಮಾರು 3.7 ಮಿಲಿಮೀಟರ್ ಏರಿದೆ.

ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲಿದೆ. ಕಡಲು ಇಲ್ಲಿಗೆ ಬರುವುದಿಲ್ಲ, ಸುಮ್ನೆ ಹೆದರಿಸಬೇಡಿ. ಬದಲಿಗೆ ಬಾವಿಯ ಮಾತು ಎತ್ತಿ. ಕಡಲು ಏರಿದಂತೆ ದಡದ ಊರುಗಳ ಬಾವಿಗೆ ಉಪ್ಪು ನೀರು ನುಗ್ಗುವ ಅಪಾಯ ಹೆಚ್ಚುತ್ತದೆ. ಬಾವಿ ತುಂಬ ನೀರಿದ್ದರೂ ಕುಡಿಯೋಕಾಗದ ಸಂಕಟ ಅದು. ಫ್ಲೋರೈಡ್ ನೀರಿನ ಜೊತೆ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನೊಂದು ಮಾತು. ಉಳ್ಳಾಲದ ಕಡಲ್ಕೊರೆತದ ವಿಡಿಯೋ ತೋರಿಸಿದರೆ, ಮನೆ ಬಿದ್ದಿದ್ದೆಲ್ಲ ಕಡಲು ಏರಿದ್ದರಿಂದ ಎಂದು ಹೇಳಿಬಿಡಬೇಡಿ. ಮಳೆಗಾಲದ ಅಲೆ ಪ್ರತಿವರ್ಷ ಮರಳನ್ನು ಎಳೆದೊಯ್ಯುತ್ತದೆ. ಬಂದರಿಗಾಗಿ ಕಟ್ಟಿದ ಕಲ್ಲಿನ ತಡೆಗೋಡೆಗಳು ಮರಳಿನ ಹಾದಿ ತಪ್ಪಿಸುತ್ತವೆ, ನದಿಯಿಂದ ಬರಬೇಕಾದ ಮರಳು ಅಣೆಕಟ್ಟೆಯಲ್ಲಿ ಉಳಿಯುತ್ತದೆ, ಇಲ್ಲವೇ ಲಾರಿ ಹತ್ತುತ್ತದೆ. ಏರುವ ಕಡಲು ಇವೆಲ್ಲದರ ಮೇಲಿನ ಹೊರೆ. ಹತ್ತನೇ ತರಗತಿಯವರಾದರೆ ಈ ಕಾರಣಗಳನ್ನು ಅವರೇ ಬೇರೆ ಬೇರೆ ಮಾಡಿ ವಾದ ಮಾಡಲಿ. ಅದಕ್ಕೆ ಒಂದು ಪೂರ್ತಿ ಪೀರಿಯಡ್ ಬಿಟ್ಟುಕೊಡಿ.